ಪರಾಗಕೋಶಗಳು ಕಂದಾಗಿ ಭ್ರೂಣ ಬಾರದಿರುವುದಕ್ಕೆ

ಪರಾಗಕೋಶಗಳನ್ನು (ಹೂವಿನಲ್ಲಿ ಪರಾಗ ತುಂಬಿರುವ ಚೀಲಗಳು) ಪೋಷಕ ಮಾಧ್ಯಮದ ಮೇಲಿಟ್ಟು ಪರಾಗಕಣಗಳಿಂದಲೇ ಭ್ರೂಣ, ಸಸಿ ಪಡೆಯುವ ನಿಮ್ಮ ಪ್ರಯತ್ನ ಏಕೆ ಫಲಿಸುತ್ತಿಲ್ಲ ಎಂದು ಕೇಳಿದ್ದೀರಿ. ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ತೆಗೆದ ಬ್ಯಾಡಗಿ ಮೆಣಸಿನ ಮೊಗ್ಗುಗಳ ಪರಾಗಕೋಶಗಳು ಮಾಧ್ಯಮದ ಮೇಲೆ ಕಂದು ಬಣ್ಣಕ್ಕೆ ತಿರುಗಿ ನಿಂತುಬಿಡುವುದಕ್ಕೆ, ನೀವು ಶಂಕಿಸಿದ ಹಾರ್ಮೋನಿನ ಪ್ರಮಾಣಕ್ಕಿಂತ, ಮೊಗ್ಗಿನ ವಯಸ್ಸು ಮತ್ತು ತಾಯಿಗಿಡ ಅನುಭವಿಸಿದ ತಾಪವೇ ಹೆಚ್ಚಾಗಿ ಕಾರಣವಾಗಿರಬೇಕು.

ಮೊದಲು ದಳಗಳು ಪುಷ್ಪಪಾತ್ರೆಯಷ್ಟೇ ಅಥವಾ ಅದಕ್ಕಿಂತ ತುಸು ಉದ್ದವಿರುವ, ಪರಾಗಕೋಶದ ತುದಿಯಲ್ಲಿ ನೇರಳೆ ಛಾಯೆ ಆಗಷ್ಟೇ ಕಾಣುವ ಮೊಗ್ಗುಗಳನ್ನು ಆರಿಸಿಕೊಳ್ಳಿ. ಬಣ್ಣವೊಂದನ್ನೇ ನಂಬದೆ, ಅದೇ ಮೊಗ್ಗಿನ ಒಂದು ಪರಾಗಕೋಶವನ್ನು ಅಸಿಟೋಕಾರ್ಮೈನ್‌ (ಕೋಶಕೇಂದ್ರಕ್ಕೆ ಬಣ್ಣ ಕೊಡುವ ದ್ರಾವಣ) ಹಾಕಿ ಜಜ್ಜಿ ಸೂಕ್ಷ್ಮದರ್ಶಕದಲ್ಲಿ ನೋಡಿ. ಪರಾಗಕಣಗಳು ಏಕಕೇಂದ್ರದ (ಒಂದೇ ಕೋಶಕೇಂದ್ರವಿರುವ) ಕೊನೆಯ ಹಂತದಲ್ಲೋ ದ್ವಿಕೇಂದ್ರದ (ಎರಡು ಕೋಶಕೇಂದ್ರಗಳಿರುವ) ಆರಂಭದಲ್ಲೋ ಇದ್ದರೆ ಮಾತ್ರ ಮುಂದುವರಿಯಿರಿ. ಪಿಷ್ಟ ತುಂಬಿಕೊಂಡ ಕಣಗಳಿಂದ ಭ್ರೂಣವನ್ನು ನಿರೀಕ್ಷಿಸಬೇಡಿ.

ಮಾಧ್ಯಮದ ಮೇಲೆ ಬಿತ್ತಿದ ಪರಾಗಕೋಶಗಳನ್ನು 35 ಡಿಗ್ರಿ ಸೆಲ್ಸಿಯಸ್‌ನಲ್ಲಿ 8 ದಿನ ಕತ್ತಲೆಯಲ್ಲಿಟ್ಟು, ಬಳಿಕ 25 ಡಿಗ್ರಿಯಲ್ಲಿ 12 ಗಂಟೆ ಬೆಳಕು ಕೊಡುವುದು ಮೆಣಸಿಗೆ ಬಹುಕಾಲದಿಂದ ಬಳಕೆಯಲ್ಲಿರುವ ಕ್ರಮ. ಇಲ್ಲಿ ಉಷ್ಣ ಬೇಕಾದದ್ದು ಶಾಖಪೆಟ್ಟಿಗೆಯೊಳಗಿನ ಪರಾಗಕೋಶಕ್ಕೇ ಹೊರತು ಹೊಲದ ಗಿಡಕ್ಕಲ್ಲ. ಆದ್ದರಿಂದ ಗಿಡಗಳನ್ನು ನೆರಳುಮನೆಯಲ್ಲಿ ಬೆಳೆಸಿ, ನವೆಂಬರ್-ಡಿಸೆಂಬರ್‌ನ ಮೊದಮೊದಲ ಮೊಗ್ಗುಗಳನ್ನೇ ಬಳಸಿ.

ಇಷ್ಟಾದರೂ ಭ್ರೂಣದ ಇಳುವರಿ ತಳಿಯಿಂದ ತಳಿಗೆ ಬಹಳ ಬದಲಾಗುತ್ತದೆ, ಸಣ್ಣ ಮೆಣಸಿನ ಕೆಲವು ತಳಿಗಳು ದೊಣ್ಣೆಮೆಣಸಿನಷ್ಟು ಸುಲಭವಾಗಿ ಒಲಿಯುವುದಿಲ್ಲ; ಹಾಗಾಗಿ ಒಂದೆರಡು ಬೇರೆ ತಳಿಗಳ ಪರಾಗಕೋಶಗಳನ್ನೂ ಜೊತೆಗೆ ಬಿತ್ತಿರಿ.

ಸಸಿ ಬಂದ ಕೂಡಲೇ ಕಾಲ್ಚಿಸಿನ್ (ವರ್ಣತಂತುಗಳನ್ನು ದ್ವಿಗುಣಗೊಳಿಸುವ ರಾಸಾಯನಿಕ) ಹಚ್ಚಲು ಹೋಗಬೇಡಿ. ಮೆಣಸಿನಲ್ಲಿ ಗಣನೀಯ ಪಾಲು ಸಸಿಗಳ ವರ್ಣತಂತುಗಳು ತಾವಾಗಿಯೇ ದ್ವಿಗುಣಗೊಳ್ಳುತ್ತವೆ. ಎಲೆಯ ರಕ್ಷಕಕೋಶಗಳಲ್ಲಿನ (ಎಲೆರಂಧ್ರದ ಇಕ್ಕೆಲದ ಕೋಶಗಳು) ಹರಿತ್ತುಕಣಗಳನ್ನು ಎಣಿಸಿ ಏಕಗುಣಿತಗಳನ್ನು (ವರ್ಣತಂತುಗಳ ಒಂದೇ ಜೊತೆ ಇರುವ, ದ್ವಿಗುಣಗೊಳ್ಳದ ಸಸಿಗಳು) ಬೇರ್ಪಡಿಸಿ, ಅವುಗಳಿಗಷ್ಟೇ ಕೈಗವಸು ತೊಟ್ಟು ಕಾಲ್ಚಿಸಿನ್ ಬಳಸಿ. ದ್ವಿಗುಣವೆಂದು ಕಂಡವು ಪರಾಗಕಣದಿಂದಲ್ಲದೆ ಪರಾಗಕೋಶದ ಗೋಡೆಯಿಂದಲೂ ಹುಟ್ಟಿರಬಹುದಾದ್ದರಿಂದ, ತಾಯಿಗಿಡದಲ್ಲಿ ಭಿನ್ನಯುಗ್ಮವಾಗಿರುವ (ಎರಡು ಬೇರೆ ರೂಪಗಳಿರುವ) ಡಿಎನ್‌ಎ ಗುರುತುಗಳಿಂದ ಅವನ್ನು ಪರೀಕ್ಷಿಸಿದ ಮೇಲೆಯೇ ಬೀಜ ಹೆಚ್ಚಿಸಿ.