ಮೂರು ಕಾಪಿ ಯಾಕೆ?

ಪ್ರಶ್ನೆ: ನನಗೆ ತುಂಬಾ ಇಷ್ಟವಾದ ಒಂದು ಹಳೇ ಕನ್ನಡ ಸಿನಿಮಾ ಈಗ ಯಾರಿಗೂ ನೆನಪಿಲ್ಲ. ಅದರ ಒಂದು ವಿಎಚ್‌ಎಸ್ ವಿಡಿಯೊ ಕ್ಯಾಸೆಟ್, ಎರಡು ವಿಸಿಡಿ (ಸಿನಿಮಾ ತುಂಬಿದ ಸಿಡಿ) ಸೆಟ್ ಹುಡುಕಿ ಇಟ್ಟಿದ್ದೇನೆ. ಮನೆಯಲ್ಲಿ ‘ಒಂದು ಸಾಕಲ್ವಾ?’ ಅಂತಾರೆ. ಕ್ಯಾಸೆಟ್ ಒಳಗೆ ಬಿಳಿ ಪುಡಿ ಬೇರೆ ಕಾಣಿಸುತ್ತಿದೆ.
– ಓದುಗರು, ನವನಗರ, ಬಾಗಲಕೋಟೆ

ಉತ್ತರ: ಮೂರನ್ನೂ ಇಟ್ಟುಕೊಳ್ಳಿ. ಒಂದು ವಿಸಿಡಿಯಲ್ಲಿ ಹಿಡಿಯುವುದು 74ರಿಂದ 80 ನಿಮಿಷ. ಎರಡೇ ಡಿಸ್ಕಿನಲ್ಲಿ ಮುಗಿಸಲು ಹಾಡಿಗೋ ಹಾಸ್ಯಕ್ಕೋ ಕತ್ತರಿ ಹಾಕಿದ್ದೂ ಉಂಟು. ನಿಮ್ಮ ಎರಡೂ ಸೆಟ್ ಹಾಕಿ ಅವಧಿ ಹೋಲಿಸಿ ನೋಡಿ.

ಇನ್ನು ಕ್ಯಾಸೆಟ್ಟಿನಲ್ಲಿ ಸಿನಿಮಾ ಬಿಟ್ಟು ಬೇರೆಯದೂ ಸಿಕ್ಕೀತು. ನಾನೊಮ್ಮೆ ಬೆಳಗಾವಿಯ ಖಡೇಬಜಾರಿನಲ್ಲಿ ಮರಾಠಿ ಕ್ಯಾಸೆಟ್‌ಗಳ ರಾಶಿಯೊಳಗಿಂದ ಒಂದು ಕನ್ನಡದ್ದನ್ನು ಎತ್ತಿಕೊಂಡು ಬಂದೆ. ಮಧ್ಯಂತರದಲ್ಲಿ ಯಾವುದೋ ಸೀರೆ ಅಂಗಡಿಯ ಜಾಹೀರಾತು. ಪರದೆಯ ಕೆಳಗೆ ಓಡುವ ಐದಂಕಿಯ ಫೋನ್ ನಂಬರ್. ನಮ್ಮ ಮನೆಯವಳಿಗೆ ಅದನ್ನು ಕಂಡರೆ ಸಿಟ್ಟು. ನನಗೆ ಸಿನಿಮಾಕ್ಕಿಂತ ಅದೇ ಜಾಸ್ತಿ ಇಷ್ಟ!

ಆ ಬಿಳಿ ಪುಡಿ ಬಹುಶಃ ಬೂಷ್ಟು. ಹಾಗೇ ಪ್ಲೇಯರ್‌ಗೆ ತುರುಕಬೇಡಿ. ಟೇಪ್ ಓದುವ ಹೆಡ್ ಕೊಳೆಯಾಗುತ್ತದೆ, ಆಮೇಲೆ ಹಾಕುವ ಕ್ಯಾಸೆಟ್‌ಗಳಿಗೂ ಹರಡುತ್ತದೆ. ವಿಸಿಆರ್ (ಈ ಕ್ಯಾಸೆಟ್ ಪ್ಲೇಯರ್) ತಯಾರಿಕೆ 2016ರಲ್ಲೇ ನಿಂತಿದೆ, ಬಿಡಿಭಾಗಕ್ಕೆ ಪರದಾಡಬೇಕು. ಮೊದಲು ಗೊತ್ತಿದ್ದವರ ಕೈಲಿ ಟೇಪ್ ಕ್ಲೀನ್ ಮಾಡಿಸಿ, ನಂತರ ಕಂಪ್ಯೂಟರಿಗೆ ಇಳಿಸಿಕೊಳ್ಳಿ.

ಕ್ಯಾಸೆಟ್ಟಿನ ಬೆನ್ನ ಮೇಲೆ ಉಗುರಿನಷ್ಟು ಪ್ಲಾಸ್ಟಿಕ್ ತುಂಡು ಇದೆಯಾ? ಇದ್ದರೆ ಮುರಿದುಬಿಡಿ. ಮುರಿಯದಿದ್ದರೆ ಯಾರಾದರೂ ಅದರ ಮೇಲೆ ಮದುವೆ ರೆಕಾರ್ಡ್ ಮಾಡಿಯಾರು. ನಿಲ್ಲಿಸಿ ಇಡಿ, ಮಲಗಿಸಬೇಡಿ. ಮಳೆಗಾಲದಲ್ಲಿ ತೇವ ಹಿಡಿಯುವ ಗೋಡೆಯ ಕಪಾಟಂತೂ ಬೇಡವೇ ಬೇಡ.