ಮೆಕ್ಸಿಕೋ ಸಿಟಿಯಲ್ಲಿ ಒಂದು ಸೋಮವಾರ

ಧಾರವಾಡದ ಓದುಗರೊಬ್ಬರ ಪತ್ರದ ಸಾರಾಂಶ: ಕಚೇರಿಯ ಕೆಲಸದ ಮೇಲೆ ಕಳೆದ ಅಕ್ಟೋಬರಿನಲ್ಲಿ ಮೆಕ್ಸಿಕೋ ಸಿಟಿಗೆ ಹೋಗಿದ್ದೆ. ಊರು ನೋಡಲು ಸಿಕ್ಕಿದ್ದು ಒಂದೇ ದಿನ, ಅದೂ ಸೋಮವಾರ. ಮಾನವಶಾಸ್ತ್ರದ ವಸ್ತುಸಂಗ್ರಹಾಲಯ, ಸ್ಪೇನಿನವರು ಬರುವ ಮೊದಲು ಅಲ್ಲಿ ಆಳಿದ ಅಜ್ಟೆಕ್ ಜನರ ದೇವಾಲಯದ ಅವಶೇಷ, ಚಿತ್ರಕಲಾವಿದೆ ಫ್ರೀಡಾ ಕಾಲೊ ಅವರ ನೀಲಿ ಮನೆ ಎಲ್ಲವೂ ಮುಚ್ಚಿದ್ದವು. ಊರ ನಡುವಿನ ಚೌಕದ ತುಂಬ ಪುಸ್ತಕದಂಗಡಿಗಳನ್ನು ಹಾಕಿದ್ದರಿಂದ ಒಂದು ಫೋಟೊ ಕೂಡ ಸರಿಯಾಗಿ ಬರಲಿಲ್ಲ. ಕೆಥೆಡ್ರಲ್ ವಾಲಿಕೊಂಡಿದೆ, ಒಳಗೆ ಗುಮ್ಮಟದಿಂದ ಒಂದು ಲೋಹದ ಗುಂಡನ್ನು ಇಳಿಬಿಟ್ಟಿದ್ದಾರೆ, ಏಕೆಂದು ನಮ್ಮ ಕಾರಿನ ಚಾಲಕನಿಗೂ ಗೊತ್ತಿರಲಿಲ್ಲ. ದಿನವಿಡೀ ತಲೆನೋವು ಮತ್ತು ಟ್ರಾಫಿಕ್. ಹಂಪಿ ನೋಡಿದವರಿಗೆ ಅಲ್ಲಿ ನೋಡುವಂಥದ್ದೇನೂ ಇಲ್ಲ. ಇಂಥ ಊರುಗಳನ್ನು ಹೊಗಳುವ ಪ್ರವಾಸ ಲೇಖನಗಳನ್ನು ನೀವು ನಿಲ್ಲಿಸಬಾರದೇಕೆ?

ಸಂಪಾದಕರ ಉತ್ತರ:

ನಿಮ್ಮ ಬೇಸರದಲ್ಲಿ ನ್ಯಾಯವಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮೆಕ್ಸಿಕೋದ ವಸ್ತುಸಂಗ್ರಹಾಲಯಗಳಲ್ಲಿ ಹೆಚ್ಚಿನವು ಸೋಮವಾರ ತೆರೆಯುವುದಿಲ್ಲ ಎಂಬ ಒಂದು ಸಾಲನ್ನು, ನಿಮಗೆ ಕಾರು ಗೊತ್ತುಮಾಡಿಕೊಟ್ಟ ಸಂಸ್ಥೆಯವರು ಹಣ ಪಡೆಯುವ ಮೊದಲೇ ಹೇಳಬೇಕಾಗಿತ್ತು. ತಲೆನೋವಿಗೂ ಕಾರಣವಿದೆ: ಆ ಊರು ಸಮುದ್ರಮಟ್ಟದಿಂದ ಸುಮಾರು 2,240 ಮೀಟರು ಎತ್ತರದಲ್ಲಿದೆ, ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಮುನ್ನೂರು ಮೀಟರು ಮೇಲೆ. ಇಷ್ಟರ ಮಟ್ಟಿಗೆ ನಿಮ್ಮ ಪಕ್ಷ. ಇನ್ನುಳಿದ ವಿಷಯದಲ್ಲಿ ನಿಮ್ಮೊಡನೆ ಜಗಳವಾಡದೆ ನನಗೆ ಗತ್ಯಂತರವಿಲ್ಲ. ಆ ಊರನ್ನು ನಾನು ಕಣ್ಣಾರೆ ಕಂಡಿಲ್ಲ, ಓದಿ ಬಲ್ಲೆ. ಓದದೆ ಕಂಡವರಿಗಿಂತ ಓದಿ ಕಾಣದವರು ಮೇಲು ಎಂಬುದು ನನ್ನ ಹಳೆಯ ಹಟ.

ಆ ಲೋಹದ ಗುಂಡಿನಿಂದಲೇ ಆರಂಭಿಸೋಣ, ಏಕೆಂದರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಅರಳಿದ್ದು ಆ ಒಂದು ಸಾಲಿನಲ್ಲಿ. ಗೋಡೆ ಕಟ್ಟುವಾಗ ನಮ್ಮ ಗಾರೆಯವರು ದಾರಕ್ಕೆ ಕಟ್ಟಿ ಇಳಿಬಿಡುವ ತೂಗುಗುಂಡು ಇದೆಯಲ್ಲ, ಅದರದೇ ದೊಡ್ಡ ರೂಪ ಅದು. ಕಟ್ಟಡ ಎಷ್ಟು ವಾಲಿತು, ಯಾವ ದಿಕ್ಕಿಗೆ ವಾಲಿತು ಎಂಬುದನ್ನು ಕೆಳಗೆ ನೆಲದ ಮೇಲೆ ಗುರುತು ಮಾಡಿಟ್ಟಿದ್ದಾರೆ. 1573ರಲ್ಲಿ ಕಟ್ಟಲು ತೊಡಗಿ 1813ರಲ್ಲಿ ಮುಗಿಸಿದ ಆ ಕೆಥೆಡ್ರಲ್ ನಿಂತಿರುವುದು ಕೆರೆಯ ಜೇಡಿಯ ಮೇಲೆ. ಆ ಜೇಡಿಯೊಳಗೆ ಅಲ್ಲಲ್ಲಿ ಅಜ್ಟೆಕ್ ಕಟ್ಟಡಗಳ ಗಟ್ಟಿ ತಳಪಾಯಗಳು ಹೂತಿವೆ. ಕೆಳಗೆ ಹಳೆಯ ಕಲ್ಲು ಇದ್ದ ಕಡೆ ನೆಲ ತಡೆದು ನಿಂತಿತು, ಬರಿಯ ಜೇಡಿ ಇದ್ದ ಕಡೆ ಕುಸಿಯಿತು. 1990ರ ದಶಕದಲ್ಲಿ ಎಂಜಿನಿಯರುಗಳು ತಗ್ಗಿದ ಬದಿಯನ್ನು ಎತ್ತುವ ಗೋಜಿಗೆ ಹೋಗದೆ, ಎತ್ತರ ಉಳಿದ ಬದಿಯ ಅಡಿಯಿಂದ ಬಾವಿ ತೋಡಿ ಮಣ್ಣು ತೆಗೆದು, ಅದನ್ನೂ ಮೆಲ್ಲಗೆ ಇಳಿಸಿ ಅಪಾಯವನ್ನು ತಗ್ಗಿಸಿದರು. ಇಂಥದ್ದರ ಕೆಳಗೆ ನಿಂತು ಬಂದ ನೀವು ನೋಡುವಂಥದ್ದೇನೂ ಇರಲಿಲ್ಲವೆಂದು ಬರೆಯುತ್ತೀರಲ್ಲ!

ಊರೇ ಹಾಗಿದೆ. 1325ರಲ್ಲಿ ಕೆರೆಯ ನಡುವಿನ ದ್ವೀಪದಲ್ಲಿ, ಪಾಪಾಸುಕಳ್ಳಿಯ ಮೇಲೆ ಹದ್ದು ಕುಳಿತದ್ದನ್ನು ಕಂಡ ಜಾಗದಲ್ಲಿ ಅಜ್ಟೆಕ್ ಜನ ತಮ್ಮ ರಾಜಧಾನಿ ತೆನೋಚ್ತಿತ್ಲಾನ್ ನಗರವನ್ನು ಕಟ್ಟಿದರೆಂಬುದು ಐತಿಹ್ಯ. 1521ರ ಆಗಸ್ಟ್ 13ರಂದು ಅದು ಸ್ಪೇನಿನವರ ಕೈಗೆ ಬಿತ್ತು. ಅವರು ದೇವಾಲಯಗಳನ್ನು ಕೆಡವಿ ಅವುಗಳ ಕಲ್ಲುಗಳನ್ನೇ ಬಳಸಿ ತಮ್ಮ ಇಗರ್ಜಿ ಕಟ್ಟಿದರು. ಶತಮಾನಗಳ ಅವಧಿಯಲ್ಲಿ ಕೆರೆಯ ನೀರನ್ನೂ ಹೊರಹಾಕಿದರು. ಆಮೇಲೆ ಎರಡು ಕೋಟಿಗೂ ಹೆಚ್ಚು ಜನರ ಬಾಯಾರಿಕೆಗೆ ಅಂತರ್ಜಲ ಎತ್ತಿ ಎತ್ತಿ ನೆಲದ ಕೆಲವು ಭಾಗಗಳು ಒಂಬತ್ತು ಮೀಟರಿಗೂ ಹೆಚ್ಚು ಕುಸಿದಿವೆ. 1910ರಲ್ಲಿ ನಿಲ್ಲಿಸಿದ ಸ್ವಾತಂತ್ರ್ಯ ಸ್ತಂಭದ ಬುಡಕ್ಕೆ ಇದುವರೆಗೆ ಹದಿನಾಲ್ಕು ಮೆಟ್ಟಿಲು ಹೊಸದಾಗಿ ಸೇರಿಸಬೇಕಾಯಿತು. ಆಳಕ್ಕೆ ಇಳಿಸಿದ ಅಡಿಪಾಯದ ಮೇಲೆ ಸ್ತಂಭ ನಿಂತಲ್ಲೇ ನಿಂತಿದೆ, ಬೀದಿ ಕೆಳಗಿಳಿದಿದೆ. ಆ ಮೆಟ್ಟಿಲುಗಳು ಸೋಮವಾರವೂ ಇರುತ್ತವೆ.

ಇನ್ನೊಂದು ಪ್ರಸಂಗವನ್ನು ಹೇಳದೆ ಇರಲಾರೆ. 1790ರಲ್ಲಿ ಅದೇ ಚೌಕವನ್ನು ಅಗೆಯುವಾಗ ಕೊವಾತ್ಲಿಕ್ವೆ ಎಂಬ ದೇವಿಯ ವಿಗ್ರಹ ಸಿಕ್ಕಿತು. ಹಾವುಗಳನ್ನೇ ಹೆಣೆದ ಲಂಗ, ತಲೆಯ ಜಾಗದಲ್ಲಿ ಎದುರುಬದುರಾದ ಎರಡು ಹಾವಿನ ಮುಖ, ಕೊರಳಲ್ಲಿ ಮನುಷ್ಯರ ಹೃದಯ ಮತ್ತು ಕೈಗಳ ಮಾಲೆ. ವಿಶ್ವವಿದ್ಯಾಲಯದ ಅಂಗಳದಲ್ಲಿ ತಂದಿರಿಸಿದರೆ ಅಲ್ಲಿನ ಮೂಲನಿವಾಸಿಗಳು ಬಂದು ಭಕ್ತಿಯಿಂದ ನಡೆದುಕೊಳ್ಳತೊಡಗಿದರು. ಇನ್ನೂರೈವತ್ತು ವರ್ಷ ಮಣ್ಣಡಿ ಇದ್ದ ದೇವಿಯನ್ನು ಜನ ಮರೆತಿರಲಿಲ್ಲ. ಗಾಬರಿಗೊಂಡ ಪಂಡಿತರು ಅದನ್ನು ಮತ್ತೆ ಹೂತರು. ಜರ್ಮನಿಯ ವಿದ್ವಾಂಸ ಹಂಬೋಲ್ಟ್ ಬಂದು ಕೇಳಿಕೊಂಡಾಗ ಒಮ್ಮೆ ತೆಗೆದು ತೋರಿಸಿ, ಪುನಃ ಮಣ್ಣು ಮುಚ್ಚಿದರು. ಆ ವಿಗ್ರಹ ಈಗ ನೀವು ಬಾಗಿಲು ತಟ್ಟಿ ಬಂದ ಮಾನವಶಾಸ್ತ್ರದ ವಸ್ತುಸಂಗ್ರಹಾಲಯದಲ್ಲಿದೆ. 1978ರಲ್ಲಿ ವಿದ್ಯುತ್ ಕಂಪನಿಯ ಕೆಲಸಗಾರರು ತಂತಿ ಹಾಕಲು ಅಗೆದಾಗ ಚಂದ್ರದೇವತೆಯ ಮೂರು ಮೀಟರಿಗೂ ಅಗಲದ ಕಲ್ಲು ಸಿಕ್ಕಿತು. ಅದರಿಂದಲೇ ಕೆಥೆಡ್ರಲಿನ ಪಕ್ಕದ ದೇವಾಲಯದ ದೊಡ್ಡ ಉತ್ಖನನ ಆರಂಭವಾಯಿತು. ಬಾಗಿಲು ಮುಚ್ಚಿದ್ದರೂ ಅದರ ಅವಶೇಷದ ಒಂದಷ್ಟು ಭಾಗ ಬೀದಿಯಿಂದಲೇ ಕಾಣುತ್ತದೆ.

ಪುಸ್ತಕದಂಗಡಿಗಳ ವಿಷಯಕ್ಕೆ ಬರುತ್ತೇನೆ, ಕೊಂಚ ಕೋಪದಿಂದಲೇ. ಪ್ರತಿ ಅಕ್ಟೋಬರಿನಲ್ಲಿ ಆ ಚೌಕದಲ್ಲಿ ನಡೆಯುವ ಪುಸ್ತಕ ಮೇಳ ಅದು. ದೇಶದ ಅಧ್ಯಕ್ಷರ ಅರಮನೆಯ ಎದುರು, ಅತ್ಯಂತ ಬೆಲೆಯುಳ್ಳ ಸಾರ್ವಜನಿಕ ಜಾಗವನ್ನು ಒಂದು ದೇಶ ಪುಸ್ತಕಗಳಿಗೆ ಬಿಟ್ಟುಕೊಟ್ಟಿದೆ. ಪತ್ರಿಕೆಗೆ ಚಂದಾ ಕಟ್ಟಿ ಓದುವ ತಾವು ಅದನ್ನು ಫೋಟೊಗೆ ಅಡ್ಡ ಬಂದ ವಸ್ತುವೆಂದು ಬಗೆದಿದ್ದೀರಿ. ಹೂವಿನ ಮಾರಾಟಗಾರರು 'ನಮ್ಮ ಚೆಂಡು ಹೂವನ್ನು' ಗಾಡಿಗಟ್ಟಲೆ ಮಾರುತ್ತಿದ್ದರೆಂದು ಪತ್ರದ ಇನ್ನೊಂದು ಕಡೆ ಬರೆದಿದ್ದೀರಿ. ಚೆಂಡು ಹೂ ಅವರದು, ನಮಗೆ ಬಂದದ್ದು ಅಲ್ಲಿಂದ. ನವೆಂಬರ್ ಆರಂಭದಲ್ಲಿ ತೀರಿಹೋದ ಹಿರಿಯರಿಗೆ ಎಡೆಯಿಡುವ ಹಬ್ಬಕ್ಕೆ ಅವರು ಅದನ್ನು ಬೆಳೆಯುತ್ತಾರೆ. ನಮ್ಮ ಮೆಣಸಿನಕಾಯಿ, ಮೆಕ್ಕೆಜೋಳ, ಮಲೆನಾಡಿನ ಅಂಗಳದ ಡೇರೆ ಹೂವಿನ ತವರೂ ಆ ನಾಡೇ.

ಹಂಪಿಯ ಹೆಸರು ಎತ್ತಿದಿರಿ, ಒಳ್ಳೆಯದೇ ಆಯಿತು. ಸ್ಪೇನಿನ ದಂಡನಾಯಕ ಕೊರ್ತೇಸನ ದಂಡಿನೊಡನೆ 1519ರಲ್ಲಿ ತೆನೋಚ್ತಿತ್ಲಾನ್ ಹೊಕ್ಕ ಬೆರ್ನಾಲ್ ದಿಯಾಸ್ ಎಂಬ ಸೈನಿಕ ಮುಂದೆ ಮುಪ್ಪಿನಲ್ಲಿ ನೆನಪಿನಿಂದ ಬರೆದ: ರೋಮ್, ಕಾನ್‌ಸ್ಟಾಂಟಿನೋಪಲ್ ಕಂಡಿದ್ದ ಸಂಗಡಿಗರು ಕೂಡ ಇಲ್ಲಿನಂಥ ಸಂತೆಯನ್ನು ಎಲ್ಲಿಯೂ ಕಂಡಿಲ್ಲವೆಂದರಂತೆ. ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಕೃಷ್ಣದೇವರಾಯನ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ದೊಮಿಂಗೊ ಪಾಯೆಸ್ ಆ ಪಟ್ಟಣವನ್ನು ರೋಮಿನಷ್ಟು ದೊಡ್ಡದೆಂದು ಅಳೆದ. ಒಂದು ನಗರ 1521ರಲ್ಲಿ ಹೋಯಿತು, ಇನ್ನೊಂದು 1565ರಲ್ಲಿ. ವಿಜಯನಗರ ಬಯಲಲ್ಲಿ ಹಾಳಾಗಿ ಉಳಿಯಿತು, ಅದರ ಮೇಲೆ ಯಾರೂ ರಾಜಧಾನಿ ಕಟ್ಟಲಿಲ್ಲ, ಆದ್ದರಿಂದ ನಮಗೆ ಕಾಣುತ್ತದೆ. ತೆನೋಚ್ತಿತ್ಲಾನ್ ಬದುಕಿದ ಊರಿನ ಕಾಲಡಿಗೆ ಸೇರಿತು. ಹಂಪಿಯನ್ನು ಬಲ್ಲವರೇ ಆ ಚೌಕದಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ನಿಲ್ಲಬೇಕಿತ್ತು ಎಂದು ನಾನು ವಾದಿಸುತ್ತೇನೆ.

ಆದರೆ ಹಂಪಿಯನ್ನಾದರೂ ನಾವು ಹೇಗೆ ನೋಡುತ್ತೇವೆ? ಶಾಲೆಯ ಬಸ್ಸು ಬೆಳಿಗ್ಗೆ ಬಂದು ನಿಲ್ಲುತ್ತದೆ. ವಿರೂಪಾಕ್ಷ ಗುಡಿಯ ಕತ್ತಲ ಗೋಡೆಯ ಮೇಲೆ ಗೋಪುರದ ತಲೆಕೆಳಗಾದ ನೆರಳನ್ನು ಮಕ್ಕಳಿಗೆ ತೋರಿಸುತ್ತಾರೆ. ಅದು ಏಕೆ ತಲೆಕೆಳಗಾಗಿದೆ ಎಂದು ಹುಡುಗಿಯೊಬ್ಬಳು ಕೇಳಿದಾಗ, 'ಮುಂದೆ ಹೋಗಮ್ಮ, ಹಿಂದಿನವರಿಗೆ ಜಾಗ ಬಿಡು' ಎಂದು ಮೇಷ್ಟ್ರು ಹೇಳಿದ್ದನ್ನು ನಾನೇ ಕೇಳಿದ್ದೇನೆ. ಗೋಡೆಯ ಕಿರುಗಂಡಿಯಿಂದ ಬೆಳಕು ಬರುವ ಪಾಠ ಆಕೆಯ ವಿಜ್ಞಾನ ಪುಸ್ತಕದಲ್ಲಿಯೇ ಇದ್ದಿರಬೇಕು. ಮಧ್ಯಾಹ್ನ ತುಂಗಭದ್ರಾ ಅಣೆಕಟ್ಟು, ರಾತ್ರಿಗೆ ಬಾದಾಮಿ. ಹೀಗೆ ಬೆಳೆದವರೇ ಮುಂದೆ ಕಚೇರಿಯ ಖರ್ಚಿನಲ್ಲಿ ಸಾಗರ ದಾಟುತ್ತಾರೆ.

ದಾಟಿ ಬಂದು ಲೇಖನ ಬರೆಯುತ್ತಾರೆ, ಅದು ನನ್ನ ಮೇಜಿಗೆ ಬರುತ್ತದೆ. ಮೊದಲ ಪುಟ ವಿಮಾನ ನಿಲ್ದಾಣದ ಸರತಿ ಸಾಲು, ಎರಡನೆಯದು ಹೋಟೆಲಿನ ತಿಂಡಿ, ಮೂರನೆಯದರಲ್ಲಿ ಅನ್ನ ಸಾರು ಸಿಕ್ಕಿದ ಭಾರತೀಯ ಹೋಟೆಲಿನ ಹುಡುಕಾಟ. ಮೆಕ್ಸಿಕೋದಿಂದ ಬಂದ ಇಂಥ ಬರಹಗಳಲ್ಲಿ ಪಾಂಡುರಂಗ ಖಾನಖೋಜೆಯವರ ಹೆಸರನ್ನು ನಾನಿನ್ನೂ ಕಂಡಿಲ್ಲ. ಬ್ರಿಟಿಷರ ವಿರುದ್ಧ ಹೊರದೇಶದ ಭಾರತೀಯರು ಹೂಡಿದ ಗದರ್ ಚಳವಳಿಯ ಆ ಕ್ರಾಂತಿಕಾರಿ ದೇಶಭ್ರಷ್ಟರಾಗಿ ಅಲ್ಲಿಗೆ ಹೋಗಿ, ಚಾಪಿಂಗೊದ ಕೃಷಿ ಶಾಲೆಯಲ್ಲಿ ಪಾಠ ಹೇಳಿ, ಮೆಕ್ಕೆಜೋಳದ ತಳಿಗಳ ಮೇಲೆ ಕೆಲಸ ಮಾಡಿದರು. ಮೆಕ್ಸಿಕೋದ ಭಿತ್ತಿಚಿತ್ರ ಕಲಾವಿದ ದಿಯೆಗೊ ರಿವೇರಾ ಶಿಕ್ಷಣ ಇಲಾಖೆಯ ಗೋಡೆಯ ಮೇಲೆ, ರೊಟ್ಟಿ ಹಂಚಿಕೊಳ್ಳುವ ಮೇಜಿನ ತಲೆಯ ಸ್ಥಾನದಲ್ಲಿ, ಅವರ ಮುಖವನ್ನು ಚಿತ್ರಿಸಿದ. ಆ ಕಟ್ಟಡ ನಿಮ್ಮ ಚೌಕದಿಂದ ಕೆಲವೇ ಬೀದಿ ದೂರ.

ಆದ್ದರಿಂದ, ಪ್ರವಾಸ ಲೇಖನಗಳನ್ನು ನಿಲ್ಲಿಸುವುದಿಲ್ಲ. ನಿಮ್ಮ ಪತ್ರದಲ್ಲಿ ಹೊಗಳಿಕೆಯಿಲ್ಲ, ವಾಲಿದ್ದನ್ನು ವಾಲಿದೆಯೆಂದೇ ಬರೆದಿದ್ದೀರಿ. ನಾನು ಅಚ್ಚುಹಾಕಿದ ಹಲವು ಲೇಖನಗಳಿಗಿಂತ ಅದು ಮೇಲು. ಮನಸ್ಸಿದ್ದರೆ ಆ ಒಂದು ದಿನವನ್ನೇ ವಿಸ್ತರಿಸಿ ಬರೆದು ಕಳಿಸಿ, ಎಂಟುನೂರು ಪದಗಳ ಜಾಗ ತೆಗೆದಿಡುತ್ತೇನೆ. ವಿಮಾನ ನಿಲ್ದಾಣದ ಭಾಗವೊಂದು ಬೇಡ.