ಪೋಕರ್ ಟೇಬಲ್‌ನಲ್ಲಿ ಡೀಲರ್‌ಗೆ ಟಿಪ್ಸ್ ಕೊಡಬೇಕಾ? ಕೊಟ್ಟರೆ ಎಷ್ಟು?

ನೀವು ನಾಲ್ವರು ಗೆಳೆಯರು ಪುಣೆಯಿಂದ ಪಣಜಿಗೆ ಬರುತ್ತಿದ್ದೀರಿ. ಇದುವರೆಗೆ ಮನೆಯಲ್ಲಿ ಆಡಿದ್ದೀರಿ, ಕ್ಯಾಸಿನೊದ ಪೋಕರ್ ಟೇಬಲ್‌ಗೆ ಇದೇ ಮೊದಲು. ಪಾಟ್, ಅಂದರೆ ಒಂದು ಆಟದಲ್ಲಿ ಎಲ್ಲರೂ ಹಾಕಿದ ಒಟ್ಟು ದುಡ್ಡು, ಗೆದ್ದಾಗಲೆಲ್ಲ ಡೀಲರ್‌ಗೆ ಚಿಪ್ ಕೊಡಬೇಕಾ, ಇಲ್ಲಾ "ಅವರಿಗೆ ಸಂಬಳ ಇದೆಯಲ್ಲ, ನಾವ್ಯಾಕೆ ಕೊಡಬೇಕು" ಅನ್ನೋ ನಿಮ್ಮ ಗೆಳೆಯನ ಮಾತು ಸರಿಯಾ ಅಂತ ಕೇಳಿದ್ದೀರಿ.

ಕೊಡಿ. ಕಡ್ಡಾಯ ಅಲ್ಲ, ಕೊಡದಿದ್ದರೆ ಯಾರೂ ಎಬ್ಬಿಸಿ ಕಳಿಸುವುದಿಲ್ಲ. ಆದರೂ ಕೊಡಿ. ಎಷ್ಟು ಕೊಡಬೇಕು ಅನ್ನೋದನ್ನು ಮಾತ್ರ ಸೀಟಿನಲ್ಲಿ ಕೂರುವ ಮೊದಲೇ ತೀರ್ಮಾನಿಸಿಕೊಳ್ಳಿ. ಗೆದ್ದ ಖುಷಿಯಲ್ಲಿ ಕೈ ಧಾರಾಳವಾಗುತ್ತದೆ, ಸೋತ ಸಿಟ್ಟಿನಲ್ಲಿ ಮುಷ್ಟಿ ಬಿಗಿಯುತ್ತದೆ. ಎರಡೂ ಹೊತ್ತಿನಲ್ಲಿ ಮಾಡುವ ತೀರ್ಮಾನ ತಪ್ಪಾಗಿರುತ್ತದೆ.

ಮೊದಲು ಒಂದು ತಪ್ಪು ಕಲ್ಪನೆ ಬಿಡಿ. ಅಂದರ್ ಬಾಹರ್, ಬ್ಲ್ಯಾಕ್‌ಜಾಕ್ ಟೇಬಲ್‌ಗಳಲ್ಲಿ ನೀವು ಆಡುವುದು ಮನೆಯ ವಿರುದ್ಧ, ಅಂದರೆ ಕ್ಯಾಸಿನೊದ ವಿರುದ್ಧ. ಪೋಕರ್‌ನಲ್ಲಿ ಹಾಗಲ್ಲ. ಆಟಗಾರರ ದುಡ್ಡು ಆಟಗಾರರ ನಡುವೆಯೇ ಓಡಾಡುತ್ತದೆ, ಮನೆ ಪ್ರತಿ ಪಾಟ್‌ನಿಂದ ರೇಕ್ ಅನ್ನುವ ಪಾಲು ತೆಗೆದುಕೊಳ್ಳುತ್ತದೆ. ಸಾಮಾನ್ಯವಾಗಿ ಪಾಟ್‌ನ 5 ಪ್ರತಿಶತದ ಆಸುಪಾಸು, ಅದಕ್ಕೊಂದು ಮೇಲ್ಮಿತಿ. ಈ ರೇಕ್ ಡೀಲರ್ ಜೇಬಿಗೆ ಹೋಗುವುದಿಲ್ಲ. ನೀವು ಗೆದ್ದರೂ ಸೋತರೂ ಡೀಲರ್‌ಗೆ ಲಾಭನಷ್ಟ ಇಲ್ಲ. ಹಾಗಾಗಿ "ಒಳ್ಳೇ ಎಲೆ ಕೊಟ್ಟರು" ಅಂತ ಟಿಪ್ಸ್ ಕೊಡುವುದು, "ಕೊನೇ ಎಲೆಯಲ್ಲಿ ಕೊಂದುಹಾಕಿದರು" ಅಂತ ನಿಲ್ಲಿಸುವುದು, ಎರಡಕ್ಕೂ ಅರ್ಥವಿಲ್ಲ. ಎಲೆ ಕಲಸಿದ ಮೇಲೆ ಕಟ್ಟಿನಲ್ಲಿ ಏನು ಎಲ್ಲಿದೆ ಅಂತ ಅವರಿಗೂ ಗೊತ್ತಿರುವುದಿಲ್ಲ.

ಹಾಗಾದರೆ ದುಡ್ಡು ಯಾವುದಕ್ಕೆ? ಕೆಲಸಕ್ಕೆ. ಆ ಕೆಲಸ ಎಂಥದ್ದು ಅಂತ ಒಂದು ಉದಾಹರಣೆಯಲ್ಲಿ ನೋಡಿ. ಮೂವರು ಆಲ್-ಇನ್ ಆದರು, ಅಂದರೆ ಮುಂದಿದ್ದ ಚಿಪ್ಸ್ ಎಲ್ಲ ಹಾಕಿದರು: ಒಬ್ಬರ ಬಳಿ 3,000, ಇನ್ನೊಬ್ಬರ ಬಳಿ 10,000, ಮೂರನೆಯವರ ಬಳಿ ಅದಕ್ಕಿಂತ ಹೆಚ್ಚು. ಮುಖ್ಯ ಪಾಟ್ 9,000. ಅದರಲ್ಲಿ ಮೂವರಿಗೂ ಹಕ್ಕು. ಸೈಡ್ ಪಾಟ್ 14,000. ಅದು ಉಳಿದಿಬ್ಬರ ನಡುವೆ ಮಾತ್ರ. ಡೀಲರ್ ಇದನ್ನು ಕ್ಷಣದಲ್ಲಿ ಬೇರ್ಪಡಿಸಿ, ಮೊದಲು ಸೈಡ್ ಪಾಟ್ ತೀರಿಸಿ, ಆಮೇಲೆ ಮುಖ್ಯ ಪಾಟ್‌ಗೆ ಬರಬೇಕು. ಇಲ್ಲಿ ಎಡವಿದರೆ ನಿಮ್ಮ ದುಡ್ಡು ಇನ್ನೊಬ್ಬರ ಮುಂದೆ ಹೋಗಿ ಕೂರುತ್ತದೆ. ಒಂದು ಸಲಕ್ಕೆ ಹೆಚ್ಚೆಂದರೆ ಪಾಟ್‌ನಷ್ಟೇ ಏರಿಸಬಹುದಾದ ಪಾಟ್-ಲಿಮಿಟ್ ಒಮಾಹಾ ಆದರೆ ಕೆಲಸ ಇನ್ನೂ ಹೆಚ್ಚು. ಪಾಟ್‌ನಲ್ಲಿ 1,000 ಇದೆ, ಎದುರಿನವರು 600 ಹಾಕಿದರು, ನೀವು "ಪಾಟ್" ಅಂದಿರಿ. ನೀವು ಎಷ್ಟು ಹಾಕಬಹುದು? 600ರ ಮೂರು ಪಟ್ಟು 1,800, ಅದಕ್ಕೆ ಮೊದಲಿದ್ದ 1,000 ಸೇರಿ 2,800. ರಾತ್ರಿಯಿಡೀ ಪ್ರತಿ ಸುತ್ತಿನಲ್ಲೂ ಈ ಲೆಕ್ಕ ಡೀಲರ್ ತಲೆಯಲ್ಲೇ ಆಗುತ್ತದೆ. ಜೊತೆಗೆ ಯಾರ ಸರದಿ ಅಂತ ಹಿಡಿದಿಡುವುದು, ಟೇಬಲ್ ಮಧ್ಯೆ ಬಿಚ್ಚುವ ಎಲೆಗಳಾದ ಫ್ಲಾಪ್, ಟರ್ನ್, ರಿವರ್‌ಗೆ ಮುಂಚೆ ಒಂದೊಂದು ಎಲೆ ಮುಚ್ಚಿದಂತೆಯೇ ತೆಗೆದು ಪಕ್ಕಕ್ಕಿಡುವುದು, ಕುಡಿದು ಗಲಾಟೆ ಮಾಡುವವರನ್ನು ಮರ್ಯಾದೆಯಿಂದಲೇ ತಡೆಯುವುದು. ಚುರುಕಾದ ಡೀಲರ್ ಗಂಟೆಗೆ ಸುಮಾರು 30 ಕೈ, ಅಂದರೆ 30 ಪೂರ್ತಿ ಆಟ, ಆಡಿಸುತ್ತಾರೆ, ನಿಧಾನದವರು 20ರ ಹತ್ತಿರ ನಿಲ್ಲುತ್ತಾರೆ. ಚೆನ್ನಾಗಿ ಆಡುವವನಿಗೆ ಆ ಹತ್ತು ಕೈಗಳೇ ಆದಾಯ.

ಈಗ ಎಷ್ಟು ಅನ್ನೋ ಪ್ರಶ್ನೆ. ನನಗೆ ಮುಖ್ಯ ಅನ್ನಿಸುವುದು ಇದೇ, ಯಾಕೆಂದರೆ ಹೊಸಬರು ಇಲ್ಲೇ ಎರಡೂ ಕಡೆ ತಪ್ಪುತ್ತಾರೆ.

100/200 ಬ್ಲೈಂಡ್‌ನ ಟೇಬಲ್ (ಎಲೆ ಹಂಚುವ ಮೊದಲೇ ಇಬ್ಬರು ಹಾಕಲೇಬೇಕಾದ ಮೊತ್ತ; ದೊಡ್ಡದು, 200, ಬಿಗ್ ಬ್ಲೈಂಡ್), ಒಂಬತ್ತು ಜನ, ಗಂಟೆಗೆ 27 ಕೈ ಅಂತಿಟ್ಟುಕೊಳ್ಳಿ. ಸರಾಸರಿ ನಿಮ್ಮ ಪಾಲಿಗೆ ಗಂಟೆಗೆ ಮೂರು ಪಾಟ್ ಬರುತ್ತದೆ. ಎಂಟು ಗಂಟೆ ಆಡಿದರೆ 24 ಪಾಟ್. ಪ್ರತಿಯೊಂದಕ್ಕೂ 100ರ ಚಿಪ್ ಕೊಟ್ಟರೆ 2,400 ರೂಪಾಯಿ, ಅಂದರೆ 12 ಬಿಗ್ ಬ್ಲೈಂಡ್. ಕೈಪಳಗಿದ ಆಟಗಾರ ಗಂಟೆಗೆ 5 ಬಿಗ್ ಬ್ಲೈಂಡ್ ಗೆದ್ದರೆ ಅದೇ ಒಳ್ಳೆಯ ಗಳಿಕೆ. ಎಂಟು ಗಂಟೆಗೆ 40, ಅಂದರೆ 8,000. ಅದರಲ್ಲಿ 2,400 ಟಿಪ್ಸ್‌ಗೆ ಹೋದರೆ ಗೆಲುವಿನ ಮೂರರಲ್ಲೊಂದು ಪಾಲು ಹತ್ತಿರ ಹತ್ತಿರ ಕರಗಿತು. ಹನಿಗೂಡಿದರೆ ಹಳ್ಳ ಅನ್ನೋದು ಸೋರಿಕೆಗೂ ಸಲ್ಲುತ್ತದೆ.

ಸಣ್ಣ ಪಾಟ್‌ನಲ್ಲಿ ಹೊರೆ ಹೇಗೆ ಬೀಳುತ್ತದೆ ನೋಡಿ. ಇಬ್ಬರೇ ಆಡಿದ 2,000ದ ಪಾಟ್ ಗೆದ್ದಿರಿ. ಅದರಲ್ಲಿ ಸುಮಾರು 1,000 ನೀವೇ ಹಾಕಿದ್ದು, ನಿಜವಾದ ಲಾಭ ಉಳಿದ 1,000. 5 ಪ್ರತಿಶತ ರೇಕ್ ಅಂದರೆ 100 ಆಗಲೇ ಹೋಗಿದೆ. ಮೇಲೆ 100 ಟಿಪ್ಸ್ ಕೊಟ್ಟರೆ ಲಾಭದ ಐದರಲ್ಲೊಂದು ಭಾಗ ಖರ್ಚಾಯಿತು. "ಪಾಟ್ ಗೆದ್ದರೆ ಟಿಪ್ಸ್" ಅನ್ನೋ ಸರಳ ಸೂತ್ರ ಕೆಡುವುದು ಇಲ್ಲೇ.

ಹಾಗಾಗಿ ನಾನು ಹೇಳುವ ಅಳತೆ ಇದು. ನಿಮ್ಮ ಬೆಟ್‌ಗೆ ಸಮನಾಗಿ ಯಾರೂ ಹಾಕದೆ (ಕಾಲ್ ಮಾಡದೆ) ಬರೀ ಬ್ಲೈಂಡ್ ಸಿಕ್ಕರೆ ಏನೂ ಬೇಡ. ಪಾಟ್ 10 ಬಿಗ್ ಬ್ಲೈಂಡ್ ಅಥವಾ ಅದಕ್ಕಿಂತ ಕಡಿಮೆ ಇದ್ದರೂ ಬೇಡ, ಇದಕ್ಕೆ ಸಂಕೋಚಪಡಬೇಕಾಗಿಲ್ಲ. 10ಕ್ಕಿಂತ ಹೆಚ್ಚು, 50ರವರೆಗಿನ ಬಿಗ್ ಬ್ಲೈಂಡ್ ಪಾಟ್‌ಗೆ ಅರ್ಧ ಬಿಗ್ ಬ್ಲೈಂಡ್, ಈ ಟೇಬಲ್‌ನಲ್ಲಿ 100. ಅದಕ್ಕಿಂತ ದೊಡ್ಡದಕ್ಕೆ ಒಂದು ಬಿಗ್ ಬ್ಲೈಂಡ್, 200. ಇಬ್ಬರ ಪೂರ್ತಿ ಸ್ಟ್ಯಾಕ್ ಒಳಗೆ ಬಿದ್ದ ರಾಕ್ಷಸ ಪಾಟ್‌ಗೆ 500 ಕೊಟ್ಟರೆ ಧಾರಾಳ, ಅದಕ್ಕಿಂತ ಹೆಚ್ಚು ಬೇಕಿಲ್ಲ. ಮೇಲಿನ 24 ಪಾಟ್‌ಗಳಲ್ಲಿ 12 ಸಣ್ಣವು, 9 ಮಧ್ಯಮ, 3 ದೊಡ್ಡವು ಅಂತ ಹಿಡಿದರೆ 900ಕ್ಕೆ 600 ಸೇರಿ 1,500 ಆಗುತ್ತದೆ. ಗಂಟೆಗೆ ಒಂದು ಬಿಗ್ ಬ್ಲೈಂಡ್‌ಗೂ ಸ್ವಲ್ಪ ಕಡಿಮೆ. ಡೀಲರ್‌ಗೂ ನ್ಯಾಯ, ನಿಮ್ಮ ಆಟವೂ ಬಡವಾಗುವುದಿಲ್ಲ. ಮೂರ್ನಾಲ್ಕು ಸೈಡ್ ಪಾಟ್‌ಗಳ ಗೋಜಲನ್ನು ಡೀಲರ್ ಸಲೀಸಾಗಿ ಬಿಡಿಸಿದ್ದರೆ ಒಂದು ಚಿಪ್ ಹೆಚ್ಚಿಗೆ ಇಡಿ. ಪಾಟ್‌ನ ಶೇಕಡಾವಾರು ಲೆಕ್ಕದಲ್ಲಿ ಮಾತ್ರ ಕೊಡಬೇಡಿ. ಹೋಟೆಲ್ ಬಿಲ್‌ನ ರೂಢಿ ಇಲ್ಲಿಗೆ ಹೊಂದುವುದಿಲ್ಲ. 40,000ದ ಪಾಟ್ ತಳ್ಳುವ ಶ್ರಮ 4,000ದ್ದಕ್ಕಿಂತ ಹತ್ತು ಪಟ್ಟು ಇರುವುದಿಲ್ಲ.

ಗೋವಾದಲ್ಲಿ ಇನ್ನೊಂದು ವಿಷಯ ಲೆಕ್ಕಕ್ಕೆ ಬರುತ್ತದೆ. ಕ್ಯಾಸಿನೊದಲ್ಲಿ ಚಿಪ್ ಕೊಳ್ಳುವ ಮೊತ್ತದ ಮೇಲೆ 2023ರ ಅಕ್ಟೋಬರ್ 1ರಿಂದ 28 ಪ್ರತಿಶತ ಜಿಎಸ್‌ಟಿ ಇತ್ತು, 2025ರ ಸೆಪ್ಟೆಂಬರ್ 22ರಿಂದ ಅದು 40 ಆಗಿದೆ. ಗೆದ್ದ ಚಿಪ್ಪನ್ನೇ ಮತ್ತೆ ಆಡಿದರೆ ಮತ್ತೊಮ್ಮೆ ತೆರಿಗೆ ಇಲ್ಲ. ಆದರೆ ಕೊಂಡ ಚಿಪ್ಪನ್ನು ಟಿಪ್ಸ್ ಕೊಟ್ಟಾಗ, ತೆರಿಗೆ ಮೇಲೆ ಸೇರುವ ಕಡೆ, 100ರ ಚಿಪ್ ನಿಮಗೆ 140ಕ್ಕೆ ಬಿದ್ದಿರುತ್ತದೆ. ಕೌಂಟರ್‌ನಲ್ಲಿ "ತೆರಿಗೆ ಒಳಗೇ ಸೇರಿದೆಯಾ, ಮೇಲೆ ಹಾಕ್ತೀರಾ?" ಅಂತ ಮೊದಲೇ ಕೇಳಿಕೊಳ್ಳಿ.

ಕೊಡುವ ರೀತಿಗೂ ಕ್ರಮ ಇದೆ. ಪಾಟ್ ಪೂರ್ತಿ ನಿಮ್ಮ ಮುಂದೆ ಬಂದ ಮೇಲೆ ಒಂದು ಚಿಪ್ ಎತ್ತಿ ಡೀಲರ್ ಮುಂದಿನ ಜಾಗದಲ್ಲಿಟ್ಟು "ಡೀಲರ್‌ಗೆ" ಅಂತ ಬಾಯಿಬಿಟ್ಟು ಹೇಳಿ. ಪಾಟ್ ಬರುವ ಮೊದಲೇ ಎಸೆಯಬೇಡಿ. ಮುಂದಿನ ಕೈ ಶುರುವಾದ ಮೇಲಂತೂ ಬೇಡವೇ ಬೇಡ. ಗೆರೆ ದಾಟಿ ಬಿದ್ದ ಒಂಟಿ ಚಿಪ್ ಬಾಯಲ್ಲಿ ಏನೂ ಹೇಳದಿದ್ದರೆ ಕಾಲ್ ಅಂತ ಆಗುತ್ತದೆ. ಟಿಪ್ಸ್ ಕೊಡಲು ಹೋಗಿ ಬೇಡದ ಕೈಗೆ ಸಿಕ್ಕಿಬೀಳುತ್ತೀರಿ. ಕೈಯಿಂದ ಕೈಗೆ ಕೊಡಲು ಹೋಗಬೇಡಿ, ಡೀಲರ್ ತೆಗೆದುಕೊಳ್ಳುವಂತಿಲ್ಲ. ಚಿಪ್ಪನ್ನು ಅವರು ಡಬ್ಬಿಗೆ ಹಾಕುವ ಮುಂಚೆ ಟಕ್ ಟಕ್ ಅಂತ ತಟ್ಟುವುದು, ಟೇಬಲ್ ಬಿಡುವಾಗ ಎರಡೂ ಅಂಗೈ ಬಿಚ್ಚಿ ತೋರಿಸುವುದು ಮೇಲಿನ ಕ್ಯಾಮೆರಾಕ್ಕಾಗಿ: ಇದು ಟಿಪ್ಸ್, ಪಾಟ್‌ನಿಂದ ಕದ್ದದ್ದಲ್ಲ ಅನ್ನುವುದಕ್ಕೆ. ಡೀಲರ್ ಮತ್ತು ಆಟಗಾರ ಒಳಗೊಳಗೇ ಕೈಜೋಡಿಸುವ ಭಯ ಈ ಧಂದೆಗೆ ಹಳೆಯದು. ಬ್ರಿಟನ್‌ನಲ್ಲಿ ಕ್ಯಾಸಿನೊ ಡೀಲರ್‌ಗಳಿಗೆ ಟಿಪ್ಸ್ ಕೊಡುವುದನ್ನೇ ಬಹುಕಾಲ ನಿಷೇಧಿಸಲಾಗಿತ್ತು. ಆಮೇಲಷ್ಟೇ ಅದು ಸಡಿಲವಾಯಿತು. ಆಸ್ಟ್ರೇಲಿಯಾದಲ್ಲಿ ಸಾಮಾನ್ಯವಾಗಿ ಇವತ್ತಿಗೂ ಡೀಲರ್ ಟಿಪ್ಸ್ ಪಡೆಯುವಂತಿಲ್ಲ. ಅಮೆರಿಕದಲ್ಲಿ ತದ್ವಿರುದ್ಧ, ಪಾಟ್‌ಗೆ ಒಂದೆರಡು ಡಾಲರ್ ಮಾಮೂಲು, ಡೀಲರ್‌ಗಳ ಬದುಕು ನಡೆಯುವುದೇ ಹೆಚ್ಚಾಗಿ ಅದರ ಮೇಲೆ.

ದೊಡ್ಡ ಚಿಪ್ ಮಾತ್ರ ಇದ್ದರೆ ಮೊದಲು ಚಿಲ್ಲರೆ ಕೇಳಿ, ಆಮೇಲೆ ಕೊಡಿ. ಡಬ್ಬಿಗೆ ಬಿದ್ದದ್ದು ವಾಪಸ್ ಬರುವುದಿಲ್ಲ. ಟೇಬಲ್ ಮೇಲಿನ ಚಿಪ್ಸ್ ಆಟದ ಮಧ್ಯೆ ಜೇಬಿಗೆ ಹಾಕಿಕೊಳ್ಳುವಂತಿಲ್ಲ ಅನ್ನುವ ನಿಯಮ ಇದೆಯಲ್ಲ, ಟಿಪ್ಸ್‌ಗೆ ಅದು ಅಡ್ಡಿಯಲ್ಲ.

ಟಿಪ್ಸ್ ಆ ಡೀಲರ್‌ಗೇ ಸೇರುತ್ತದಾ, ಎಲ್ಲರದೂ ಒಟ್ಟುಗೂಡಿಸಿ ಹಂಚುತ್ತಾರಾ ಅನ್ನೋದು ಮನೆಯಿಂದ ಮನೆಗೆ ಬೇರೆ. ಕೂರುವಾಗಲೇ ಕೇಳಿ, ಅದು ತಪ್ಪಲ್ಲ. ಹಂಚುವ ಪದ್ಧತಿ ಇದ್ದರೆ ಇಷ್ಟವಾದ ಒಬ್ಬರಿಗೆ ಸುರಿಯುವುದರಲ್ಲಿ ಹುರುಳಿಲ್ಲ, ಒಂದೇ ಅಳತೆ ಇಟ್ಟುಕೊಳ್ಳಿ. ಹೇಗೂ ಅರ್ಧ ಗಂಟೆಗೊಮ್ಮೆ ಡೀಲರ್ ಬದಲಾಗುತ್ತಾರೆ. ಜಗಳ ತೀರ್ಮಾನಿಸುವ ಫ್ಲೋರ್ ಮ್ಯಾನೇಜರ್‌ಗೆ ಮಾತ್ರ ಏನೂ ಕೊಡಬೇಡಿ. ಪಂಚಾಯ್ತಿ ಮಾಡುವವರ ಕೈಗೆ ಒಂದು ಕಡೆಯವರ ದುಡ್ಡು ಹೋಗಬಾರದು.

ಡೀಲರ್ ತಪ್ಪು ಮಾಡಿದರೆ? ಆ ಕೈಗೆ ಟಿಪ್ಸ್ ನಿಲ್ಲಿಸುವ ಹಕ್ಕು ನಿಮ್ಮದು, ಬೈಯುವ ಹಕ್ಕಲ್ಲ. ಎಲೆ ತಪ್ಪಾಗಿ ಓದಿ ಪಾಟ್ ಬೇರೆಯವರ ಕಡೆ ತಳ್ಳುತ್ತಿದ್ದರೆ ತಕ್ಷಣ "ಒಂದು ನಿಮಿಷ, ಫ್ಲೋರ್" ಅನ್ನಿ. ನಿಮ್ಮ ಎಲೆ ಬಿಚ್ಚಿಟ್ಟು, ಅದರ ಮೇಲೆ ಕೈ ಇಟ್ಟುಕೊಂಡಿರಿ. ಬಿಟ್ಟ ಎಲೆಗಳ ರಾಶಿಗೆ ಸೇರಿತೋ, ಹಕ್ಕು ಹೋಯಿತು. ಸೌಮ್ಯವಾಗಿ ಮಾತಾಡುವವರ ದೂರನ್ನು ಎಲ್ಲರೂ ಕಿವಿಗೊಟ್ಟು ಕೇಳುತ್ತಾರೆ.

ಟೂರ್ನಮೆಂಟ್ ಆಡಿದರೆ ಲೆಕ್ಕವೇ ಬೇರೆ. ಅಲ್ಲಿನ ಚಿಪ್ಪಿಗೆ ದುಡ್ಡಿನ ಬೆಲೆ ಇಲ್ಲ, ಅದನ್ನು ಟಿಪ್ಸ್ ಕೊಡುವಂತೆಯೇ ಇಲ್ಲ. ಪ್ರವೇಶ ಶುಲ್ಕದ ಹಾಳೆ ಓದಿ: ಇಷ್ಟು ಬಹುಮಾನಕ್ಕೆ, ಇಷ್ಟು ಮನೆಗೆ, ಇಷ್ಟು ಸಿಬ್ಬಂದಿಗೆ ಅಂತ ಬೇರ್ಪಡಿಸಿದ್ದರೆ ಡೀಲರ್‌ಗಳ ಪಾಲು ಆಗಲೇ ಕೊಟ್ಟಾಗಿದೆ. ಇಲ್ಲದಿದ್ದರೆ, ಬಹುಮಾನ ಬಂದಾಗ ಲಾಭದ 1ರಿಂದ 3 ಪ್ರತಿಶತ ಕೌಂಟರ್‌ನಲ್ಲಿ ಬಿಟ್ಟುಬನ್ನಿ. ಲಾಭ ಅಂದರೆ ಮೂಲದಲ್ಲೇ ಕಡಿಯುವ 30 ಪ್ರತಿಶತ ತೆರಿಗೆಯನ್ನೂ ನಿಮ್ಮ ಶುಲ್ಕವನ್ನೂ ಕಳೆದು ಉಳಿದದ್ದು, ಫಲಕದ ಮೇಲೆ ಬರೆದಿರುವ ದೊಡ್ಡ ಅಂಕಿಯಲ್ಲ.

ಪುಣೆ, ಮುಂಬೈಗಳಲ್ಲಿ ಫ್ಲ್ಯಾಟ್ ಬಾಡಿಗೆಗೆ ಹಿಡಿದು ಆಡಿಸುವ ಕಡೆ ಪ್ರತಿ ಪಾಟ್‌ನಿಂದ "ಡೀಲರ್ ಟಿಪ್ಸ್" ಅಂತ ಕಡ್ಡಾಯವಾಗಿ ತೆಗೆದರೆ ಅದು ಟಿಪ್ಸ್ ಅಲ್ಲ, ಹೆಸರು ಬದಲಿಸಿದ ರೇಕ್. ಮಹಾರಾಷ್ಟ್ರದಲ್ಲಿ ಕಾನೂನುಬದ್ಧ ಕ್ಯಾಸಿನೊ ಇಲ್ಲ. ಜಾರಿಗೇ ಬಾರದ 1976ರ ಕ್ಯಾಸಿನೊ ಕಾಯ್ದೆಯನ್ನೂ 2023ರಲ್ಲಿ ರದ್ದು ಮಾಡಿದರು. ಅಲ್ಲಿ ಕೂರಲೇಬೇಡಿ. ಇನ್ನು ಗೋವಾದ ಬಾಗಿಲಲ್ಲಿ 21 ವರ್ಷ ತುಂಬಿದ್ದಕ್ಕೆ ಗುರುತಿನ ಚೀಟಿ ಕೇಳುತ್ತಾರೆ. 2020ರ ಫೆಬ್ರುವರಿಯಿಂದ ಗೋವಾದವರಿಗೆ ಆಟದ ಜಾಗಕ್ಕೆ ಪ್ರವೇಶ ಇಲ್ಲ, ಹಾಗಾಗಿ ನಿಮ್ಮಲ್ಲಿ ಯಾರದಾದರೂ ಆಧಾರ್‌ನಲ್ಲಿ ವಾಸ್ಕೊ, ಮಡಗಾಂವ್ ವಿಳಾಸ ಇದ್ದರೆ ಹೊರಡುವ ಮುಂಚೆ ಫೋನ್ ಮಾಡಿ ವಿಚಾರಿಸಿ.

ಒಂದು ಮಾತು ನಮ್ಮವರಿಗಾಗಿಯೇ. ಡೀಲರ್ ಕನ್ನಡದವರು ಅಂತ ಗೊತ್ತಾದರೆ ಖುಷಿಯಲ್ಲಿ ಮಾತಿಗಿಳಿಯಬೇಡಿ, ಕೈ ನಡೆಯುತ್ತಿರುವಾಗ. ಬಹಳಷ್ಟು ಟೇಬಲ್‌ಗಳಲ್ಲಿ ಆಟದ ಮಧ್ಯೆ ಎಲ್ಲರಿಗೂ ಅರ್ಥವಾಗುವ ಭಾಷೆಯೇ ಇರಬೇಕು ಅನ್ನೋ ನಿಯಮ ಇದೆ. ನೀವು ಗೆಳೆಯರು ಪರಸ್ಪರ ಕನ್ನಡದಲ್ಲಿ ಆಡಿದರೂ ಉಳಿದವರಿಗೆ ಅನುಮಾನ ಬರುತ್ತದೆ. ಡೀಲರ್ ಜೊತೆ ಆಡಿದರೆ ಆ ಅನುಮಾನದ ಭಾರ ಬೀಳುವುದು ಅವರ ಕೆಲಸದ ಮೇಲೆ. ಊರಿನವರು ಅಂತ ಟಿಪ್ಸ್ ಹೆಚ್ಚಿಸಲೂ ಹೋಗಬೇಡಿ, ಅದೂ ಕ್ಯಾಮೆರಾದಲ್ಲಿ ಕಾಣುತ್ತದೆ. ಎಲ್ಲರಿಗೆ ಕೊಟ್ಟಷ್ಟೇ ಕೊಟ್ಟು, ಅವರು ಅಂಗೈ ತೋರಿಸಿ ಎದ್ದು ಹೊರಟಾಗ "ಚೆನ್ನಾಗಿ ಆಡಿಸಿದ್ರಿ, ಥ್ಯಾಂಕ್ಸ್" ಅನ್ನಿ.